ಹೊಗೆಯ ಪಾಲು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ನಗರ ಮುಗಿದು ಹೊಲ ಶುರುವಾಗುವ ಕಡೆ ತೊರವಿ ಇದೆ. ಈಗೀಗ ನಗರ ಎಲ್ಲಿ ಮುಗಿಯುತ್ತದೆಂದು ಹೇಳುವುದು ಕಷ್ಟ. ಒಂದು ಕಡೆ ನರಸಿಂಹನ ಗುಡಿ ಮತ್ತು ನಾಲ್ಕು ಶತಮಾನದ ಹಿಂದಿನ ನವರಸಪುರದ ಅವಶೇಷಗಳು, ಇನ್ನೊಂದು ಕಡೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣ. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ತಿಕೋಟಾ ಕಡೆಯ ಹಿರಿಯ ದ್ರಾಕ್ಷಿ ಬೆಳೆಗಾರರು, ಒಣದ್ರಾಕ್ಷಿ ಶೆಡ್ಡಿನ ಯಜಮಾನರು. ಇನ್ನೊಬ್ಬಳು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ನಗರಗಳಲ್ಲಿ ಆದಾಯದ ಅಂತರಕ್ಕೂ ಗಾಳಿ ಕೆಡುವುದಕ್ಕೂ ಏನು ಸಂಬಂಧ ಎಂಬುದು ಅವಳು ಬರೆಯುತ್ತಿರುವ ಪ್ರಬಂಧದ ವಿಷಯ. ಆ ವಿಷಯವನ್ನೇ ಹಿರಿಯರು ಪ್ರಶ್ನಿಸಿದರು.

ಹಿರಿಯರು: ನೀರಿನ ಮಾತಾದ್ರ ತಿಳೀತೈತಿ ತಂಗಿ. ಬೋರ್ ಹೊಡಸಾಕ ರೊಕ್ಕ ಇದ್ದಾಂವಗ ನೀರು, ಇಲ್ಲದಾಂವಗ ಟ್ಯಾಂಕರ್. ಭೂಮಿ ಮಾತಾದ್ರೂ ತಿಳೀತೈತಿ. ಗಾಳ್ಯಾಗ ಎಲ್ಲಿ ಬಂತು ಬಡವ, ಶ್ರೀಮಂತ? ಏಪ್ರಿಲ್ ತಿಂಗಳಾಗ ಸುಳಿಗಾಳಿ ಎದ್ರ ನನ್ನ ಮನ್ಯಾಗೂ ಧೂಳ, ನನ್ನ ಆಳಿನ ಮನ್ಯಾಗೂ ಧೂಳ. ಕರಿ ಮಣ್ಣಿನ ನಾಡು ಇದು, ಮಳಿ ಕಡಿಮಿ. ಯಾರನ್ನ ಬೈತಿ?

ವಿದ್ಯಾರ್ಥಿನಿ: ಧೂಳ ಇಬ್ಬರ ಮನಿಗೂ ಬರ್ತೈತಿ ಕಾಕಾ, ಖರೆ. ಆದ್ರ ಸುಳಿಗಾಳಿ ಎಬ್ಬಿಸೋ ಮಣ್ಣು ದಪ್ಪ. ಭಾಳಷ್ಟು ಮೂಗು, ಗಂಟಲಾಗ ಸಿಕ್ಕೊಂಡು ಸೀನಿದ್ರ ಹೊರಗ ಬರ್ತೈತಿ. ಜೀವಕ್ಕ ಹೆಚ್ಚು ಕೆಡುಕು ಮಾಡೋದು 2.5 ಮೈಕ್ರಾನಿಗಿಂತ ಸಣ್ಣ ಕಣ, ತಲಿಗೂದಲಿನ ದಪ್ಪದಾಗ ಮೂವತ್ತನೇ ಒಂದು ಪಾಲು. ಅದು ಪುಪ್ಪುಸದ ತಳಕ್ಕ ಇಳಿದು ರಕ್ತ ಸೇರ್ತೈತಿ. ಹೃದಯದ ಬ್ಯಾನಿ, ಲಕ್ವಾ, ದಮ್ಮು ಎಲ್ಲಾಕ್ಕೂ ಅದರ ನಂಟೈತಿ. ಅದು ಹೆಚ್ಚಾಗಿ ಹುಟ್ಟೋದು ಸುಡೋದರಿಂದ: ಡೀಸೆಲ್, ಕಲ್ಲಿದ್ದಲು, ಕಟ್ಟಿಗಿ, ಕಸ. ಎಲ್ಲಿ ಸುಡ್ತಾರ, ಯಾರ ಸಲುವಾಗಿ ಸುಡ್ತಾರ ಅಂತ ಕೇಳಿದ ಕೂಡಲೇ ರೊಕ್ಕದ ಮಾತು ಬಂದೇ ಬರ್ತೈತಿ.

ಹಿರಿಯರು: ಸುಡೋರು ಯಾರು ಅಂತ ಕೇಳಿದ್ರ ಬಡವರ ಹೆಸರೇ ಮೊದಲ ಬರ್ತೈತಲ್ಲ! ಕುಳ್ಳು, ತೊಗರಿ ಕಟ್ಟಿಗಿ, ಹತ್ತಿ ಕಟ್ಟಿಗಿ ಒಲಿಗೆ ಹಾಕೋರು ಯಾರು? ಹೊಗಿ ಉಗುಳೋ ಹಳೇ ಟಂಟಂ ಹೊಡಿಯೋರು ಯಾರು? ಕಬ್ಬಿನ ರವದಿಗೆ ಬೆಂಕಿ ಹಚ್ಚೋರು, ಕಸದ ಗುಂಪಿಗೆ ಕಡ್ಡಿ ಗೀರೋರು ಯಾರು? ಉಳ್ಳವರ ಮನ್ಯಾಗ ಗ್ಯಾಸ್ ಐತಿ, ಅಂಗಳದಾಗ ಹೊಸ ಕಾರ್ ಐತಿ. ಬಡತನ ಹೊಗಿ ಎಬ್ಬಸ್ತೈತಿ ಅನ್ನು, ಒಪ್ಪತೀನಿ. ಅಂತರ ಹೊಗಿ ಎಬ್ಬಸ್ತೈತಿ ಅನ್ನಬ್ಯಾಡ. ಎಲ್ಲಾರ ಕೈಯಾಗ ನಾಕು ಕಾಸು ಆಡಿದ್ರ ಹೊಗಿ ತಾನಾಗೇ ಇಳೀತೈತಿ.

ವಿದ್ಯಾರ್ಥಿನಿ: ಒಲಿ ಹೊಗಿ ಸಣ್ಣ ಮಾತಲ್ಲ. ಮನಿಯೊಳಗಿನ ಹೊಗಿಯಿಂದ 2020ರಾಗ ಜಗತ್ತಿನ್ಯಾಗ 32 ಲಕ್ಷ ಮಂದಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡೈತಿ. ಆದ್ರ ಒಲಿ ಮುಂದ ಕುಂತಾಕಿ ಆ ಹೊಗೀನ ತಾನೂ ಕುಡೀತಾಳ, ತನ್ನ ಕೂಸಿಗೂ ಕುಡಸ್ತಾಳ. ಆಕಿ ಮಾಡಿದ್ದನ್ನ ಆಕಿನೇ ಉಣ್ಣತಾಳ. ಉಳ್ಳವರ ಹೊಗಿ ಹಂಗಲ್ಲ, ಅದು ಅವರ ಮನ್ಯಾಗ ಕಾಣಂಗಿಲ್ಲ. ಅವರ ಮನಿಯ ಸಿಮೆಂಟ್, ಸ್ಟೀಲ್, ಎ.ಸಿ.ಯ ಕರೆಂಟ್, ಮನಿಬಾಗಲಕ್ಕ ಬರೋ ಸಾಮಾನಿನ ಡೀಸೆಲ್, ಇವುಗಳ ಹೊಗಿ ಎಲ್ಲೋ ದೂರ, ಇನ್ನೊಬ್ಬರ ಊರಾಗ ಏಳ್ತೈತಿ. ನಮ್ಮ ದೇಶದ ಮನಿಗಳನ್ನ ಆದಾಯದ ಮ್ಯಾಲ ಹತ್ತು ಪಾಲು ಮಾಡಿ, ಕೊಳ್ಳೋ ಸಾಮಾನಿನ ಹಿಂದಿನ ಹೊಗೀನೂ ಲೆಕ್ಕಕ್ಕ ಹಿಡದು ಮಾಡಿದ ಅಧ್ಯಯನ ಒಂದು 2021ರಾಗ ನೇಚರ್ ಸಸ್ಟೈನಬಿಲಿಟಿ ಪತ್ರಿಕ್ಯಾಗ ಬಂತು. ತಾವು ಕೂಡಿಸಿದ ಹೊಗಿಗೆ ಹೋಲಿಸಿ ಸಾವಿನ ಲೆಕ್ಕ ತಗದ್ರ, ತೀರ ಕೆಳಗಿನ ಪಾಲಿನವರ ಸಾವು ಮ್ಯಾಲಿನ ಪಾಲಿನವರಿಗಿಂತ ಒಂಬತ್ತು ಪಟ್ಟು.

ಹಿರಿಯರು: ಅದು ಇಡೀ ದೇಶದ ಸರಾಸರಿ. ದಿಲ್ಲಿ ಹೊಗೀನ ತಂದು ವಿಜಾಪುರದ ತಲಿಗೆ ಕಟ್ಟಬ್ಯಾಡ. ಪೇಪರಿನ್ಯಾಗ ನಾನೂ ನೋಡ್ತೀನಿ. ದಿಲ್ಲಿ ಮಂದಿ ಚಳಿಗಾಲದಾಗ ಉಸಿರಾಡಾಕ ಒದ್ದಾಡುವಾಗ ನಮ್ಮ ಊರಿನ ಮುಂದ ಸಮಾಧಾನಕರ ಅಂತ ಬರದಿರ್ತೈತಿ.

ವಿದ್ಯಾರ್ಥಿನಿ: ಆ ಸಮಾಧಾನ ಯಾವ ಗೆರಿ ಮ್ಯಾಲ ನಿಂತೈತಿ ನೋಡ್ರಿ. ಸಣ್ಣ ಕಣಕ್ಕ ನಮ್ಮ ದೇಶ 2009ರಾಗ ಹಾಕ್ಕೊಂಡ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೇಳಿದ ಮಿತಿ 5. ಮತ್ತ ವಿಜಾಪುರದ ಅಂಕಿ ಬರೋದು ಇಬ್ರಾಹಿಂಪುರದಾಗ ನಿಲ್ಲಿಸಿದ ಯಂತ್ರದಿಂದ. ಆ ಯಂತ್ರಕ್ಕ ಇಬ್ರಾಹಿಂಪುರದ ಗಾಳಿ ಗೊತ್ತು. ಕಲ್ಲಿನ ಕ್ರಷರ್ ಮಗ್ಗಲಿನ ಜೋಪಡಿ, ಸೋಲಾಪುರ ಹೈವೇ ದಂಡಿಗೆ ಚಾ ಕಾಸೋ ಹೆಣಮಗಳು, ಕಿಟಕಿ ಇಲ್ಲದ ಅಡಿಗಿಮನಿ, ಇವುಗಳ ಗಾಳಿ ಅದಕ್ಕ ಹೆಂಗ ಗೊತ್ತಾಗ್ಬೇಕು? 2019ರಾಗ ಕೇಂದ್ರ ಸರಕಾರ ಶುದ್ಧ ಗಾಳಿ ಕಾರ್ಯಕ್ರಮ ತಂತು. ನಮ್ಮ ರಾಜ್ಯದಾಗ ಅದಕ್ಕ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಗರಗಳ ಪಟ್ಟಿ ಆತು, ಹಳ್ಳಿಗಳ ಪಟ್ಟಿ ಆಗಲೇ ಇಲ್ಲ. ಅಳತಿ ಇಲ್ಲದ ಕಡೆ ತಕರಾರು ಹೇಳಾಕೂ ಕಾಗದ ಇರಂಗಿಲ್ಲ.

ಹಿರಿಯರು: ಅಳತಿ ಬೇಕು ಅನ್ನೋದಕ್ಕ ನನ್ನ ತಕರಾರಿಲ್ಲ. ಆದ್ರ ನೀ ಹೇಳೋದು ಕೇಳಿದ್ರ ಉಳ್ಳವರೆಲ್ಲಾ ಕುಂತು ಲೆಕ್ಕ ಹಾಕಿ ಹೊಗೀನ ಬಡವರ ಕಡೆ ತಳ್ಳಿದ್ರು ಅನ್ನೋಹಂಗ ಐತಿ. ಯಾರೂ ಹಂಗ ಮಾಡಂಗಿಲ್ಲ. ಗಾಳಿ ಬೀಸಿದ ಕಡೆ ಹೊಗಿ ಹೋಗ್ತೈತಿ.

ವಿದ್ಯಾರ್ಥಿನಿ: ಲೆಕ್ಕ ಹಾಕಿ ಮಾಡ್ತಾರ ಅಂತ ನಾ ಅನ್ನಂಗಿಲ್ಲ. ಗಾಳಿ ಬೀಸಿದ ಕಡೆ ಜಾಗದ ದರ ಇಳೀತೈತಿ, ದರ ಇಳಿದ ಕಡೆ ಬಡವರು ಹೋಗ್ತಾರ. ಇಷ್ಟ ಸಾಕು. ಇಂಗ್ಲೆಂಡಿನ ಹಳೇ ಕಾರ್ಖಾನಿ ಊರುಗಳ ಬಗ್ಗೆ ನಮಗ ಪಾಠ ಐತಿ. ಅಲ್ಲಿ ಗಾಳಿ ಬೀಸೋದು ಹೆಚ್ಚಾಗಿ ಪಶ್ಚಿಮದಿಂದ. ಕಲ್ಲಿದ್ದಲು ಹೊಗಿ ಊರಿನ ಪೂರ್ವಕ್ಕ ಬೀಳ್ತಿತ್ತು. ಪೂರ್ವದ ಕೇರಿಗಳು ಬಡವರ ಕೇರಿ ಆದ್ವು. ಚಿಮಣಿ ಆರಿ ಎಷ್ಟೋ ದಶಕ ಆದ್ರೂ ಆ ಕೇರಿಗಳ ಬಡತನ ಹಂಗೇ ಉಳೀತು. ಹೊಗಿ ಹೋದ್ರೂ ಅದು ಹಾಕಿದ ಗೆರಿ ಹೋಗಂಗಿಲ್ಲ.

ಹಿರಿಯರು: ಹಂಗಾದ್ರ ನಮ್ಮ ತೊರವಿ ಲೆಕ್ಕ ಹೇಳು. ಇದು ನಗರದ ಪಶ್ಚಿಮಕ್ಕ ಐತಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಾಗ ನವರಸಪುರ ಕಟ್ಟಿಸಿದ್ದು ಇಲ್ಲೆ. ದರಬಾರಿನ ದೊಡ್ಡ ಮಂದಿ ಅಂವನ ಹಿಂದ ಬಂದ್ರು. 1624ರಾಗ ಮಲಿಕ್ ಅಂಬರನ ದಂಡು ಬಂದು ಎಲ್ಲಾ ಹಾಳು ಮಾಡ್ತು. ಇಲ್ಲಿನ ನೀರು ಸುರಂಗದಾಗ ಹಾದು ವಿಜಾಪುರದ ಮಂದಿಗೆ ಹೋಗ್ತಿತ್ತು. ಈಗ ಮತ್ತ ಅಥಣಿ ರಸ್ತೆಗುಂಟ ಲೇಔಟ್ ಎದ್ದಾವ. ಬಡವರು ಇದ್ದಲ್ಲೆ ಉಳ್ಳವರು ಬರಾಕ ಹತ್ತ್ಯಾರ. ನಿನ್ನ ಪಾಠ ಇಲ್ಲಿ ತಲಿಕೆಳಗಾತು.

ವಿದ್ಯಾರ್ಥಿನಿ: ಮುಂಗಾರಿನ್ಯಾಗ ಪಶ್ಚಿಮದ ಗಾಳಿ. ಆಗ ತೊರವಿಯ ಗಾಳಿ ನಗರಕ್ಕ ಹೋಗ್ತೈತಿ, ಹಿಂದ ಹೋದ ನೀರಿನ ಹಂಗ. ಹಿಂಗಾರಿ ಜೋಳ ಬಿತ್ತಿದಮ್ಯಾಲ ಮೂಡಗಾಳಿ ಬೀಸ್ತೈತಿ. ಚಳಿಗಾಲದ ರಾತ್ರಿ ನೆಲದ ಹತ್ತರ ತಣ್ಣನ ಗಾಳಿ ಕುಂತು ಹೊಗೀನ ಮ್ಯಾಲ ಏರಗೊಡಂಗಿಲ್ಲ. ಆಗ ನಗರದ ಕಸದ ಹೊಗಿ, ವಾಹನದ ಹೊಗಿ ಈ ಕಡೆ ಸರೀತೈತಿ. ಲೇಔಟ್ ಮನಿಯವರು ಕಿಟಕಿ ಮುಚ್ಚತಾರ, ಬೇಕಂದ್ರ ಗಾಳಿ ಸೋಸೋ ಯಂತ್ರ ಕೊಳ್ತಾರ. ಅದ ಲೇಔಟ್ ಕಟ್ಟಾಕ ಬಂದು ಶೀಟಿನ ಶೆಡ್ಡಿನ್ಯಾಗ ಮಲಗೋ ತಾಂಡಾದ ಮಂದಿ ಏನು ಮುಚ್ಚಬೇಕು? ಎರಡು ಮನಿ ಎದುರುಬದುರು ಇದ್ರೂ ಉಸಿರು ಒಂದ ಆಗಂಗಿಲ್ಲ ಕಾಕಾ.

ಹಿರಿಯರು: ಅಲ್ಲೇ ನನಗ ಆಸೆ ಕಾಣ್ತೈತಿ ನೋಡು. ಯಂತ್ರ ಇಟ್ಕೊಂಡಾಂವ ಮನಿ ಬಿಟ್ಟು ಹೊರಗ ಬರಬೇಕಲ್ಲ? ಅಂವನ ಮಕ್ಕಳು ಸಾಲಿ ಮೈದಾನದಾಗ ಆಡಬೇಕಲ್ಲ? ನೀರನ್ನ ಬಾಟಲಿಯೊಳಗ ಕೊಳ್ಳಬಹುದು, ಗಾಳೀನ ಎಲ್ಲಿತನ ಕೊಳ್ತಾನ? ಒಂದಿನ ಅಂವನೂ ಕೆಮ್ಮತಾನ. ಆವತ್ತು ಸರಕಾರದ ಕಿವಿಗೆ ಬಿತ್ತಂದ್ರ ಅದರ ಲಾಭ ತಾಂಡಾದವರಿಗೂ ಆಗ್ತೈತಿ. ಎಲ್ಲಾರೂ ಹಂಚ್ಕೊಂಡ ಗಾಳಿ ಅನ್ನೋದು ನಮ್ಮ ಶಕ್ತಿ. ನೀ ಅದನ್ನ ಒಡದು ತೋರಸಾಕ ಹತ್ತೀದಿ.

ವಿದ್ಯಾರ್ಥಿನಿ: ಆ ಮಾತಿನ್ಯಾಗ ತೂಕ ಐತಿ. ಚಿಮಣಿಯಿಂದ ಬರೋ ಗಂಧಕದ ಅನಿಲ ದಾರ್ಯಾಗ ಸಣ್ಣ ಕಣ ಆಗಿ ನೂರಾರು ಕಿಲೋಮೀಟರ್ ಹೋಗ್ತೈತಿ. ಅದಕ್ಕ ಯಾರ ಗೇಟೂ ಅಡ್ಡ ಬರಂಗಿಲ್ಲ. ಆದ್ರ ಉಳ್ಳಾಂವ ಕೆಮ್ಮಿದಾಗ ಹೊಗಿ ಆರ್ತೈತೋ, ಇಲ್ಲಾ ಅಂವನ ಮನಿಯಿಂದ ದೂರ ಸರೀತೈತೋ? ಹೆಚ್ಚಿನ ಸಲ ಸರದಿದ್ದೇ ನೋಡೀವಿ. ಕೂಡಗಿ ನೋಡ್ರಿ.

ಹಿರಿಯರು: ಕೂಡಗಿ ಮಾತು ಬಂದೇ ಬರ್ತೈತಿ ಅಂತ ಗೊತ್ತಿತ್ತು.

ವಿದ್ಯಾರ್ಥಿನಿ: ಇಲ್ಲಿಂದ ದಕ್ಷಿಣಕ್ಕ ನಲವತ್ತು ಕಿಲೋಮೀಟರಿನ ಆಸುಪಾಸಿನ್ಯಾಗ ಕರೆಂಟಿನ ಸ್ಥಾವರ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400. ಕಲ್ಲಿದ್ದಲು ರೈಲಿನ್ಯಾಗ ಬರ್ತೈತಿ, ನೀರು ಆಲಮಟ್ಟಿಯಿಂದ. ಕರೆಂಟಿನ್ಯಾಗ ದೊಡ್ಡ ಪಾಲು ಕರ್ನಾಟಕದ್ದು, ಉಳಿದದ್ದು ನೆರೆ ರಾಜ್ಯಗಳಿಗೆ. ರೈತರು ಕೋರ್ಟಿಗೆ ಹೋದಾಗ 2014ರಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತೀನ ಮತ್ತೊಮ್ಮೆ ತೂಗಿ ನೋಡ್ರಿ ಅಂತ ವಾಪಸ್ ಕಳಿಸ್ತು. ಅದೇ ವರ್ಷ ಜುಲೈದಾಗ ಪ್ರತಿಭಟನೆ ಹೊತ್ತಿನ್ಯಾಗ ಪೊಲೀಸರ ಗುಂಡು ಹಾರಿದ್ವು. ಮೂರೇ ವರ್ಷಕ್ಕ, 2017ರಾಗ, ಮೊದಲನೇ ಘಟಕ ಕರೆಂಟ್ ಕೊಡಾಕ ಹತ್ತಿತು. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದಿ. ಬೆಂಗಳೂರಿನ ಗಾಜಿನ ಕಟ್ಟಡದಾಗ ಬೆಳಕು ಹತ್ತಿದ್ರ ಬೂದಿ ಇಲ್ಲಿ ಉಳೀತೈತಿ.

ಹಿರಿಯರು: ಬೆಳಕು ಬೆಂಗಳೂರಿನ್ಯಾಗ ಅಷ್ಟ ಹತ್ತೈತೇನು? ನನ್ನ ಬೋರ್ ಹ್ಯಾಂಗ ನಡೀತಾವ? ನಿನ್ನ ಹಾಸ್ಟೆಲ್ಲಿನ ಫ್ಯಾನ್ ಹ್ಯಾಂಗ ತಿರಗ್ತೈತಿ? ಕರೆಂಟ್ ಇಲ್ಲದ ಕಾಲ ನಾ ಕಂಡೀನಿ ತಂಗಿ. ಮೂರು ಫೇಸ್ ಯಾವಾಗ ಬರ್ತೈತಿ ಅಂತ ರಾತ್ರಿ ಹೊಲದಾಗ ಕಾಯ್ತಿದ್ವಿ, ಹಾವು ಕಡದು ಸತ್ತೋರೂ ಅದಾರ. ಸೀಮೆಎಣ್ಣಿ ಬುಡ್ಡಿಯ ಕಪ್ಪು ಹೊಗ್ಯಾಗ ನಮ್ಮ ತಲಿಮಾರು ಓದೈತಿ. ಆ ಹೊಗೀನ ಅಳೀಲಿಕ್ಕೆ ಯಾವ ಯಂತ್ರನೂ ಬರಲಿಲ್ಲ, ಅದನ್ನ ಆರಿಸಿದ್ದು ಇದೇ ಕರೆಂಟು. ಕೂಡಗಿ ಬ್ಯಾಡ ಅನ್ನೋರು ಕರೆಂಟ್ ಬ್ಯಾಡ ಅಂತಾರೇನು?

ವಿದ್ಯಾರ್ಥಿನಿ: ಕರೆಂಟ್ ಬೇಕು. ನಾನೂ ಅದರ ಫಲ ಉಣ್ಣತೀನಿ, ಅದಕ್ಕ ಅದರ ಹೊಗಿ ಬಗ್ಗೆ ಮಾತಾಡೋ ಹೊಣೀನೂ ನಂದು ಐತಿ. ಕೇಳ್ರಿ. ಗಂಧಕದ ಅನಿಲಾನ ಚಿಮಣ್ಯಾಗ ಹಿಡಿಯೋ ಯಂತ್ರ ಹಾಕ್ರಿ ಅಂತ ಕೇಂದ್ರ ಸರಕಾರ ಡಿಸೆಂಬರ್ 2015ರಾಗ ನಿಯಮ ತಂತು. ಗಡುವು ಮುಂದಕ್ಕ ಹೋತು, ಮತ್ತ ಮುಂದಕ್ಕ ಹೋತು. ಜುಲೈ 2025ರಾಗ ಹೊಸ ಆದೇಶ ಬಂತು. ದಿಲ್ಲಿ ಸುತ್ತಲಿನ ಪ್ರದೇಶ ಇಲ್ಲಾ ಹತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಇರೋ ನಗರದಿಂದ ಹತ್ತು ಕಿಲೋಮೀಟರ್ ಒಳಗಿನ ಸ್ಥಾವರ ಅದನ್ನ ಹಾಕಲೇಬೇಕು. ತೀರ ಕೆಟ್ಟ ಗಾಳಿಯ ಪ್ರದೇಶದ ಹತ್ತರ ಇರೋವುಗಳನ್ನ ಒಂದೊಂದಾಗಿ ನೋಡ್ತಾರ. ಉಳಿದ ಬಹುಪಾಲು ಸ್ಥಾವರಗಳಿಗೆ, ಚಿಮಣಿ ಎತ್ತರದ ಷರತ್ತು ಇಟ್ಟು, ವಿನಾಯಿತಿ. ಕೂಡಗಿಯ ಸುತ್ತ ಹತ್ತು ಕಿಲೋಮೀಟರಿನ್ಯಾಗ ಹತ್ತು ಲಕ್ಷದ ನಗರ ಎಲ್ಲೈತಿ? 2011ರ ಜನಗಣತ್ಯಾಗ ವಿಜಾಪುರ ನಗರದ್ದೇ ಮೂರೂ ಕಾಲು ಲಕ್ಷ. ಕೂಡಗಿ ಮಗ್ಗಲಿನ ಮಸೂತಿಯಂಥ ಹಳ್ಳಿ ಯಾವ ಲೆಕ್ಕಕ್ಕ?

ಹಿರಿಯರು: ಸರಕಾರದ ಕೈಯಾಗ ಇರೋ ರೊಕ್ಕ ಇಷ್ಟ. ಭಾಳ ಮಂದಿ ಇದ್ದಲ್ಲೆ ಮೊದಲ ಹಾಕಿದ್ರ ಭಾಳ ಜೀವ ಉಳೀತಾವ. ಅದು ಅನ್ಯಾಯ ಹ್ಯಾಂಗಾತು? ಆ ಯಂತ್ರದ ಖರ್ಚು ಕೊನಿಗೆ ಕರೆಂಟ್ ಬಿಲ್ಲಿನ್ಯಾಗ ಬರ್ತೈತಿ, ಆ ಬಿಲ್ಲು ಬಡವನ ಮನಿಗೂ ಹೋಗ್ತೈತಿ.

ವಿದ್ಯಾರ್ಥಿನಿ: ಭಾಳ ಜೀವ ಮೊದಲ ಅನ್ನೋದು ನ್ಯಾಯವೇ. ಆದ್ರ ಹಳ್ಳಿಯವರಿಗೆ ಮೊದಲ ಅಂದ್ರಿ, ಆಮ್ಯಾಲ ಯಾವಾಗ ಅಂತ ಹೇಳಲಿಲ್ಲ. ಅರ್ಥಶಾಸ್ತ್ರದಾಗ ಜೇಮ್ಸ್ ಬಾಯ್ಸ್ ಅಂತ ಒಬ್ಬರು 1994ರಾಗ ಬರದ್ರು: ಹೊಗಿಯಿಂದ ಲಾಭ ಆಗೋರ ಕೈಯಾಗ ಅಧಿಕಾರ ಇದ್ದು, ನಷ್ಟ ಆಗೋರು ದುರ್ಬಲ ಇದ್ರ, ಆ ಸಮಾಜ ಒಟ್ಟಾರೆ ಹೆಚ್ಚು ಹೊಗಿ ಬಿಡ್ತೈತಿ. ಯಾಕಂದ್ರ ಬ್ಯಾಡ ಅನ್ನೋರ ಮಾತಿಗೆ ಬೆಲಿ ಇಲ್ಲ. ನೀವು ಆಗ ಅಂದ್ರಲ್ಲ, ಅಂತರ ಹೊಗಿ ಎಬ್ಬಸ್ತೈತಿ ಅನ್ನಬ್ಯಾಡ ಅಂತ? ಹಿಂಗ ಎಬ್ಬಸ್ತೈತಿ.

ಹಿರಿಯರು: ಪುಸ್ತಕದಾಗ ಇನ್ನೊಂದು ಮಾತೂ ಐತಿ ಅಂತ ನನ್ನ ಮಗ ಹೇಳ್ತಿದ್ದ. ದೇಶ ಬಡತನದಿಂದ ಮ್ಯಾಲ ಏಳುವಾಗ ಹೊಗಿ ಹೆಚ್ಚಾಗ್ತೈತಿ, ಒಂದು ಮಟ್ಟಕ್ಕ ಸಿರಿ ಬಂದಮ್ಯಾಲ ತಾನೇ ಇಳೀತೈತಿ. ಲಂಡನ್ ಹಂಗ ಆತಲ್ಲ? ಮೊದಲ ದುಡದ್ರು, ಆಮ್ಯಾಲ ತೊಳಕೊಂಡ್ರು. ನಮಗ ದುಡಿಯೋ ಹೊತ್ತಿನ್ಯಾಗ ತೊಳಕೋ ಅಂದ್ರ ಹ್ಯಾಂಗ?

ವಿದ್ಯಾರ್ಥಿನಿ: ಗ್ರಾಸ್‌ಮನ್, ಕ್ರೂಗರ್ ಅನ್ನೋರು 1990ರ ದಶಕದಾಗ ಅಂಥ ವಕ್ರರೇಖಿ ತೋರಿಸಿದ್ರು. ತಾನೇ ಇಳೀತೈತಿ ಅಂತ ಅವರೂ ಹೇಳಿಲ್ಲ. ಮಂದಿ ಕೇಳಿದ್ದಕ್ಕ, ಕಾಯದೆ ಬಂದಿದ್ದಕ್ಕ ಇಳೀತು ಅಂದ್ರು. ಲಂಡನ್ನಿನ್ಯಾಗ ಡಿಸೆಂಬರ್ 1952ರ ಐದು ದಿನದ ಹೊಗಿಮಂಜಿಗೆ ಸಾವಿರಾರು ಮಂದಿ ಸತ್ತರು. ಮೊದಲ ನಾಕು ಸಾವಿರ ಅಂದ್ರು, ಆಮ್ಯಾಲಿನ ಅಂದಾಜು ಹನ್ನೆರಡು ಸಾವಿರತನ ಹೋಗೈತಿ. 1956ರಾಗ ಕಾಯದೆ ಬಂತು. ಆ ಕಾಯದ್ಯಾಗ ಒಂದು ಜಾಣತನ ಇತ್ತು: ಮನಿಯ ಕಲ್ಲಿದ್ದಲು ಒಲಿ ಬದಲಿಸೋ ಖರ್ಚಿನ ಬಹುಪಾಲನ್ನ ಸರಕಾರ ಮತ್ತು ಸ್ಥಳೀಯ ಆಡಳಿತ ಹೊತ್ಕೊಂಡ್ವು. ಬಡವನ ಒಲಿ ಆರಿಸಿ ಅಂವನ್ನ ಚಳ್ಯಾಗ ಬಿಡಲಿಲ್ಲ.

ಹಿರಿಯರು: ಈಗ ನನ್ನ ಭಯ ಸರಿಯಾಗಿ ಹೇಳ್ದಿ. ನಮ್ಮಲ್ಲಿ ಆರಿಸೋದು ಅಷ್ಟ ಆಗ್ತೈತಿ, ಖರ್ಚು ಹೊರೋರು ಬರಂಗಿಲ್ಲ. ದಿಲ್ಲಿ ಬಡಾವಣ್ಯಾಗಿನ ಸಣ್ಣ ಕಾರ್ಖಾನಿ ಮುಚ್ಚರಿ ಅಂತ ಸುಪ್ರೀಂ ಕೋರ್ಟ್ ಆದೇಶ ಆಗಿತ್ತು. ನವೆಂಬರ್ 2000ದಾಗ ಅದನ್ನ ಜಾರಿ ಮಾಡಾಕ ಹೊಂಟಾಗ ಕಾರ್ಮಿಕರು ಬೀದಿಗೆ ಇಳಿದ್ರು. ಗಾಳಿ ಸ್ವಚ್ಛ ಮಾಡ್ತೀವಿ ಅಂದ್ರ ಅವರಿಗೆ ಕೇಳಿಸಿದ್ದು ಪಗಾರ ನಿಲ್ತೈತಿ ಅಂತ. ಈಗಲೂ ಹೊಗಿ ಹೆಚ್ಚಾದ ಕೂಡಲೇ ಅಲ್ಲಿ ಕಟ್ಟಡ ಕೆಲಸ ಬಂದ್. ಎಲ್ಲಾ ಕಾರ್ ಬಂದ್ ಆಗೋಕಿಂತ ಮೊದಲ ಗಾರೆ ಕೆಲಸ ಬಂದ್.

ವಿದ್ಯಾರ್ಥಿನಿ: ಕೆಲಸ ನಿಂತ ದಿನಕ್ಕ ಕಟ್ಟಡ ಕಾರ್ಮಿಕರ ಸೆಸ್ ನಿಧಿಯಿಂದ ರೊಕ್ಕ ಕೊಡ್ರಿ ಅಂತ ಅದೇ ಕೋರ್ಟ್ 2021ರಾಗ ಹೇಳೈತಿ.

ಹಿರಿಯರು: ಹೆಸರು ಬರಸಿದಾಂವಗ. ಇಂಡಿ, ಸಿಂದಗಿ ಕಡೀಂದ ಪುಣೆಗೆ, ಗೋವಾಕ್ಕ ಗುಳೆ ಹೋದಾಂವಗ ಯಾವ ರಾಜ್ಯದ ಕಾರ್ಡ್? ಅದಕ್ಕ ನಾ ಹೇಳೋದು, ಗಾಳಿಯ ಕಾಯದೆ ಯಾವಾಗಲೂ ಹಗುರ ಕೈಯಿಂದ ಮೊದಲ ಕಸೀತೈತಿ. ಹಳೇ ಟಂಟಂ ಗುಜರಿಗೆ ಹಾಕ್ರಿ ಅಂತಾರ. ಅಂವಗ ಬ್ಯಾಂಕ್ ಸಾಲ ಕೊಟ್ಟು, ಕರೆಂಟಿನ ಗಾಡಿ ಕೊಟ್ಟು ಆಮ್ಯಾಲ ಹೇಳೋರು ಯಾರು?

ವಿದ್ಯಾರ್ಥಿನಿ: ಈ ಮಾತಿಗೆ ನನ್ನ ಹತ್ತರ ಉತ್ತರ ಇಲ್ಲ. ಗ್ಯಾಸಿನ ಕಥೀನೂ ಹಂಗೇ ಆತು. ಮೇ 2016ರಾಗ ಉಜ್ವಲಾ ಯೋಜನೆ ಶುರು ಆತು, ಕೋಟಿಗಟ್ಟಲೆ ಮನಿಗೆ ಸಿಲಿಂಡರ್ ಮುಟ್ಟಿತು. ಅದು ದೊಡ್ಡ ಕೆಲಸ. ಆದ್ರ 2023-24ರಾಗ ಆ ಮನಿಗಳು ವರ್ಷಕ್ಕ ತುಂಬಿಸಿದ್ದು ಸರಾಸರಿ ನಾಕು ಸಿಲಿಂಡರ್ ಅಷ್ಟ. ಉಳಿದ ತಿಂಗಳು ಮತ್ತ ಕುಳ್ಳು, ಮತ್ತ ತೊಗರಿ ಕಟ್ಟಿಗಿ. ಒಲಿ ಕೊಟ್ರು, ಅದನ್ನ ಹಚ್ಚೋವಷ್ಟು ಕೂಲಿ ಕೊಡಲಿಲ್ಲ.

ಹಿರಿಯರು: ಅಂದ್ರ ನನ್ನ ಕಡೆ ಬಂದಿ. ಕೂಲಿ ಮೊದಲ, ಗಾಳಿ ಆಮ್ಯಾಲ.

ವಿದ್ಯಾರ್ಥಿನಿ: ಮೊದಲ, ಆಮ್ಯಾಲ ಅಂತ ಎರಡು ಮಾಡಿದ್ದೇ ನನಗ ಒಪ್ಪಿಗಿಲ್ಲ. ದಮ್ಮು ಹತ್ತಿದಾಕಿ ಕೂಲಿಗೆ ಹೋಗಂಗಿಲ್ಲ. ಕೂಲಿ ಇಲ್ಲದಾಕಿ ಗ್ಯಾಸ್ ತುಂಬಸಂಗಿಲ್ಲ. ದವಾಖಾನಿಗೆ ಸಾಲ ಮಾಡಿದ ಮನಿ ಇನ್ನೂ ಕೆಳಗ ಇಳೀತೈತಿ. ನಿಮ್ಮ ಶೆಡ್ಡಿನ ಮಾತು ಆಡ್ಲೇನು ಕಾಕಾ?

ಹಿರಿಯರು: ಆಡು. ಮುಚ್ಚಿಡಾಕ ಏನೈತಿ?

ವಿದ್ಯಾರ್ಥಿನಿ: ದ್ರಾಕ್ಷಿ ಬಿಡಿಸಿದಮ್ಯಾಲ ಪೊಟ್ಯಾಶಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ನೀರಾಗ ಅದ್ದಿ ಜಾಲರಿ ಮ್ಯಾಲ ಒಣಗಸ್ತೀರಿ. ಆಮ್ಯಾಲ ಬಣ್ಣಕ್ಕ ಗಂಧಕ ಸುಟ್ಟು ಹೊಗಿ ಕೊಡ್ತೀರಿ. ಅದು ಕೂಡಗಿ ಚಿಮಣಿಯಿಂದ ಬರೋ ಅನಿಲವೇ. ಜಾಲರಿ ತಿರುವೋರು, ಕಡ್ಡಿ ಆರಸೋರು ಹೆಣಮಕ್ಕಳು. ಅವರ ಕಣ್ಣು ಉರೀತಾವ, ಎದಿ ಹಿಡೀತೈತಿ.

ಹಿರಿಯರು: ಬಟ್ಟಿ ಕಟ್ಕೋರಿ ಅಂತೀನಿ. ಹೊಗಿ ಹೋಗೋತನ ಒಳಗ ಬರಬ್ಯಾಡ್ರಿ ಅಂತೀನಿ.

ವಿದ್ಯಾರ್ಥಿನಿ: ಬಟ್ಟಿ ಧೂಳ ತಡೀತೈತಿ, ಅನಿಲಾನ ತಡಿಯಂಗಿಲ್ಲ. ಸುಗ್ಗಿ ಹೊತ್ತಿನ್ಯಾಗ ಲಗೂ ಮುಗಸ್ಬೇಕು ಅಂದಾಗ ಯಾರು ಹೊರಗ ನಿಂತು ಕಾಯ್ತಾರ? ಬರಂಗಿಲ್ಲ ಅಂದಾಕಿಗೆ ಮರುದಿನ ಕೆಲಸ ಇರ್ತೈತೇನು?

ಹಿರಿಯರು: ನನ್ನ ತೂಕನೂ ನೋಡು. ಗಂಧಕ ಕೊಡದಿದ್ರ ದ್ರಾಕ್ಷಿ ಕಂದಾಗ್ತೈತಿ, ತಾಸಗಾವ್ ಪ್ಯಾಟ್ಯಾಗ ದರ ಬೀಳ್ತೈತಿ. ಹೊಳಿಯೋ ಬಣ್ಣ ಬೇಡೋದು ಮುಂಬಯಿ, ದಿಲ್ಲಿ ಅಂಗಡಿ. ಬ್ಯಾಂಕಿನ ಕಂತು ನನ್ನ ಹೆಸರಿನ್ಯಾಗ ಐತಿ. ಹೊಗಿಯ ಪಾಲು ಮ್ಯಾಲಿಂದ ಕೆಳಕ್ಕ ಇಳೀತೈತಿ ಅಂದಿ. ಆ ಮೆಟ್ಟಲಿನ್ಯಾಗ ನಾ ನಡುವ ನಿಂತೀನಿ. ನನ್ನ ಒಬ್ಬನ್ನ ಹಿಡದು ದಂಡ ಹಾಕಿದ್ರ ಶೆಡ್ ಮುಚ್ಚತೈತಿ, ಹೆಣಮಕ್ಕಳ ಸುಗ್ಗಿ ಕೂಲೀನೂ ಹೋಗ್ತೈತಿ.

ವಿದ್ಯಾರ್ಥಿನಿ: ದಂಡ ಹಾಕ್ರಿ ಅಂತ ನಾ ಅನ್ನಂಗಿಲ್ಲ. ಶೆಡ್ಡಿಗೆ ಗಾಳಿ ಎಳಿಯೋ ಫ್ಯಾನ್, ಅನಿಲ ತಡಿಯೋ ಖರೆ ಮುಖಕವಚ, ಹೊಗಿ ಹೋಗೋತನ ಕುಂತ ತಾಸಿಗೂ ಕೂಲಿ. ಇದಕ್ಕ ಸಬ್ಸಿಡಿ ಕೇಳ್ರಿ. ಶೇಡ್ ನೆಟ್ಟಿಗೆ, ಹನಿ ನೀರಾವರಿಗೆ ಕೇಳಿ ಪಡದೀರಿ. ಕೂಲಿಯವರ ಎದಿ ಸಲುವಾಗಿ ಯಾಕ ಕೇಳಿಲ್ಲ?

ಹಿರಿಯರು: ಕೇಳಬೇಕಿತ್ತು. ಅದು ನನ್ನ ಲೆಕ್ಕದ ಖಾತ್ಯಾಗ ಬರಲೇ ಇಲ್ಲ ಅನ್ನೋದು ಖರೆ. ಆದ್ರ ಒಂದು ಮಾತು ನಾ ಬಿಡಂಗಿಲ್ಲ. ಎಲ್ಲಾರಿಗೂ ಸೇರಿದ ಒಳ್ಳೇದೂ ಈ ನೆಲದಾಗ ನಡದೈತಿ. ಕಾಡು ಶೇಕಡಾ ಒಂದೂ ಇರದ ಜಿಲ್ಲಾ ಇದು. ಕೋಟಿ ವೃಕ್ಷ ಅಭಿಯಾನ ಅಂತ ಗಿಡ ಹಚ್ಚಿದ್ರು. ರಸ್ತೆ ದಂಡಿ ಬೇವಿನ ನೆರಳಾಗ ಟಂಟಂದಾಂವನೂ ನಿಲ್ತಾನ, ಕಾರಿನಾಂವನೂ ನಿಲ್ತಾನ. ಜಗಳದಿಂದ ಅಲ್ಲ, ಕೂಡಿ ಮಾಡಿದ್ದರಿಂದ ಬಂತು ಅದು.

ವಿದ್ಯಾರ್ಥಿನಿ: ಗಿಡ ಧೂಳ ಹಿಡೀತಾವ, ತಂಪು ಕೊಡ್ತಾವ. ಚಿಮಣಿ ಮುಂದ ಗಿಡ ಸೋಲ್ತೈತಿ. ಕೂಡಿ ಮಾಡೋದು ಬೇಕು, ಆದ್ರ ಕೂಡೋ ಸಭಾದಾಗ ಎಲ್ಲಾರೂ ಇರಬೇಕು. ಕ್ರಷರ್ ಎಲ್ಲಿ ಬರಬೇಕು, ಕಸ ಎಲ್ಲಿ ಸುರಿಬೇಕು, ಅಳತಿ ಯಂತ್ರ ಎಲ್ಲಿ ನಿಲ್ಲಬೇಕು ಅನ್ನೋ ಮಾತಿನ್ಯಾಗ ಅಲ್ಲಿ ಉಸಿರಾಡೋರು ಬ್ಯಾಡ ಅಂದ್ರ ಅದಕ್ಕ ತೂಕ ಇರಬೇಕು. ನನ್ನ ಪ್ರಬಂಧದಾಗ ಬರಿಯೋದು ಇದೇ.

ಹಿರಿಯರು: ಬರಿ. ಅದರ ಮ್ಯಾಲ ನನ್ನ ಸಾಲೂ ಒಂದು ಇರಲಿ: ಬ್ಯಾಡ ಅನ್ನೋ ಹಕ್ಕು ಕೊಡೋ ಮುಂದ, ಬ್ಯಾಡ ಅಂದಾಂವನ ಹೊಟ್ಟಿಗೆ ಯಾರು ಹಾಕ್ತಾರ ಅಂತ ಹೇಳಬೇಕು. ಹಸಿದಾಂವ ಯಾವ ಹೊಗಿಗೂ ಹೂಂ ಅಂತಾನ. ಅಂವಗ ನಿನ್ನ ಸಭಾ ಕರದ್ರೂ ಅಷ್ಟ, ಬಿಟ್ರೂ ಅಷ್ಟ.

ವಿದ್ಯಾರ್ಥಿನಿ: ಆ ಸಾಲು ಹಾಕ್ತೀನಿ. ಅದರ ಕೆಳಗ ನನ್ನ ಪ್ರಶ್ನಿನೂ ಹಾಕ್ತೀನಿ: ಅಂವಗ ಎಂದೂ ಕೇಳದೇ ಇದ್ರ, ಅಂವನ ಹೊಟ್ಟಿ ತುಂಬಿಸ್ಬೇಕು ಅಂತ ಯಾರಿಗೆ ನೆನಪಾಗ್ತೈತಿ? ಕೂಲಿ ಏರಿದ್ದೂ ಯಾರೋ ಬ್ಯಾಡ ಅಂದಾಗಲೇ ಅಲ್ಲೇನು?

ಹಿರಿಯರು: ಕೂಲಿ ಏರಿದ್ದು ನೀರಾವರಿ ಬಂದು ಕೆಲಸ ಹೆಚ್ಚಾದಾಗ. ಅದನ್ನ ನಾ ನನ್ನ ಕೈಯಿಂದಲೇ ಎಣಿಸಿ ಕೊಟ್ಟೀನಿ. ನೀ ಹೋರಾಟ ಅಂತಿ, ನಾ ಉದ್ಯೋಗ ಅಂತೀನಿ, ಇಲ್ಲಿ ನಾವಿಬ್ಬರೂ ಕೂಡಂಗಿಲ್ಲ. ಆದ್ರ ಫ್ಯಾನಿನ ಸಬ್ಸಿಡಿಗೆ ತಿಕೋಟಾದಾಗ ಅರ್ಜಿ ಬರಿಯೋದಾದ್ರ ನಾ ಸಹಿ ಹಾಕ್ತೀನಿ. ಬೆಳೆಗಾರರ ಸಹಿ ಅಷ್ಟ ಸಾಲದು ಅಂತಿ, ಗೊತ್ತೈತಿ. ಕಡ್ಡಿ ಆರಸೋ ಹೆಣಮಕ್ಕಳ ಹೆಬ್ಬೆಟ್ಟೂ ಅದರ ಮ್ಯಾಲ ಬೇಕೋ ಬ್ಯಾಡೋ ಅನ್ನೋದನ್ನ ಅವರಿಗೇ ಕೇಳೋಣ.

ವಿದ್ಯಾರ್ಥಿನಿ: ಕೇಳೋಣ. ಅರ್ಜಿ ಬರಿಯೋಕಿಂತ ಮೊದಲ ಕೇಳೋಣ. ಹೆಬ್ಬೆಟ್ಟು ಯಾಕ, ಅವರಾಗ ಸಹಿ ಮಾಡೋರೂ ಅದಾರ.